ಹೊಟ್ಟೆಯ ಮಾತಿಗೆ ನಕ್ಕವರು

ಮಲಬದ್ಧತೆ ಎಂಬ ಮಾತು ಕೇಳಿದ ಕೂಡಲೇ ನಗು ಬರುವವರು ದಯವಿಟ್ಟು ಫಿಸಿಯೋಥೆರಪಿಗೆ ಬರಬೇಡಿ. ಡಾಕ್ಟರಿಕೆಗೂ ಹೋಗಬೇಡಿ, ನರ್ಸಿಂಗಿಗೂ ಹೋಗಬೇಡಿ. ಬೇರೆ ಕೆಲಸಗಳು ಬೇಕಾದಷ್ಟಿವೆ.

ನನ್ನ ಬೀಳ್ಕೊಡುಗೆಯ ದಿನ, ಹಾರ ಹಾಕಿ ಮುಗಿದ ಮೇಲೆ, ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಬಂದು "ಮೇಡಂ, ನಿಮ್ಮ ಅನುಭವ ಬರೆದು ಕೊಡ್ರಿ, ನಮಗ ಉಪಯೋಗ ಆಗತೈತಿ" ಎಂದರು. ಬರೆಯಲು ಕುಳಿತರೆ ಮೊದಲು ಬಂದದ್ದು ಸಿಟ್ಟು. ಸ್ವಲ್ಪ ಮೆತ್ತಗೆ ಬರೆಯೋಣ ಎಂದು ಎರಡು ಸಲ ಹಾಳೆ ಹರಿದು ಹಾಕಿದೆ. ಆಗಲಿಲ್ಲ. ಇದ್ದ ಹಾಗೆಯೇ ಬರೆದಿದ್ದೇನೆ.

ನನ್ನ ಹೆಸರು ಶಹನಾಜ್. ಹುಟ್ಟಿದ್ದು ಮಸ್ಕಿಯಲ್ಲಿ; ಅಬ್ಬಾ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ನೌಕರಿಯೆಲ್ಲ ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳ ನಡುವೆಯೇ ಸುತ್ತಿತು. ಒಂದಷ್ಟು ವರ್ಷ ಖಾಸಗಿ, ಒಂದಷ್ಟು ವರ್ಷ ಸರ್ಕಾರಿ. ಈಗ ಹೇಳುವುದು ಯಾವ ಆಸ್ಪತ್ರೆಯಲ್ಲಿ ನಡೆದದ್ದು ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಉಳಿದ ಆಸ್ಪತ್ರೆಯವರು "ನಮ್ಮದಲ್ಲಪ್ಪ" ಎಂದು ನಿರಾಳವಾಗಿ ಕೂರುತ್ತಾರೆ. ಯಾರೂ ನಿರಾಳವಾಗಿ ಕೂರುವುದು ನನಗೆ ಬೇಕಿಲ್ಲ.

ಜನ ನನ್ನನ್ನು ಕರೆಯುತ್ತಿದ್ದದ್ದು ಕರೆಂಟ್ ಮೇಡಂ ಎಂದು. ಚರ್ಮದ ಮೇಲೆ ಎರಡು ಪ್ಯಾಡ್ ಅಂಟಿಸಿ, ಸಣ್ಣ ಪ್ರಮಾಣದ ವಿದ್ಯುತ್ತು ಹರಿಸಿ ನರಗಳನ್ನು ಚುರುಕುಗೊಳಿಸುವುದು ನಮ್ಮ ಕೆಲಸದ ಒಂದು ಭಾಗ. ನಾನು ಸೇರಿದಾಗ ಆ ಮಷಿನ್ನು ಹಳೆಯ ರೇಡಿಯೋದಷ್ಟು ದೊಡ್ಡದಿತ್ತು. ಪ್ಯಾಡುಗಳನ್ನು ನೀರಲ್ಲಿ ನೆನೆಸಿ ರಬ್ಬರ್ ಪಟ್ಟಿಯಿಂದ ಬಿಗಿಯಬೇಕಿತ್ತು. ಈಗ ಅಂಗೈಯಲ್ಲಿ ಹಿಡಿಯುತ್ತದೆ, ಬ್ಯಾಟರಿಯಲ್ಲಿ ನಡೆಯುತ್ತದೆ. ಜವಳಗೇರಾದ ಕಡೆಯಿಂದ ನಾಟಿ ಮಾಡಿ ಸೊಂಟ ಹಿಡಿದ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದು ಇಳಿದು "ಮೇಡಂರೀ, ಸೊಂಟಕ್ಕ ಕರೆಂಟ್ ಇಡ್ರಿ" ಎನ್ನುತ್ತಿದ್ದರು. ಇಡುತ್ತಿದ್ದೆ. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ಬರೆಯಬೇಕಾದದ್ದು ಹುಲಿಗೆಮ್ಮನ ವಿಷಯ.

ಹುಲಿಗೆಮ್ಮ ತುರ್ವಿಹಾಳದವಳು. ನನ್ನ ಬಳಿ ಬಂದಾಗ ಮೂವತ್ತೈದರ ಆಚೀಚೆ ವಯಸ್ಸು. ನಾಟಿಯ ಗುಂಪಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಬ್ಬರದಿರಲಿಲ್ಲವಂತೆ. ಒಂದು ವರ್ಷ ಗದ್ದೆಯ ತಣ್ಣೀರಿಗೆ ಕೈ ಇಟ್ಟರೆ ಬೆರಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಜೋಮು ಹಿಡಿಯತೊಡಗಿತು. ನಂತರ ಬೆರಳ ತುದಿಗಳಲ್ಲಿ ಹುಣ್ಣು. ಚರ್ಮ ಬಿಗಿದು ಮಿರಿಮಿರಿ ಮಿಂಚತೊಡಗಿತು, ಬೆರಳುಗಳು ಮಡಚಿಕೊಂಡವು, ಸಸಿ ಹಿಡಿಯಲಾಗದೆ ಗುಂಪಿನಿಂದ ಹೊರಬಿದ್ದಳು. ಊರವರು ಕುಷ್ಠ ಎಂದರು. ಒಬ್ಬ ಡಾಕ್ಟರ್ ಕೂಡ ಸರಿಯಾಗಿ ನೋಡದೆ ಕುಷ್ಠದ ಗುಳಿಗೆ ನುಂಗಿಸಿದ್ದ. ಚಹಾದಂಗಡಿಯಲ್ಲಿ ಅವಳಿಗೆ ಬೇರೆ ಲೋಟ ಇಟ್ಟರು. ಕೊನೆಗೆ ರಾಯಚೂರಿನಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಇದು ಕುಷ್ಠ ಅಲ್ಲ, ಸಿಸ್ಟಮಿಕ್ ಸ್ಕ್ಲಿರೋಸಿಸ್ ಎಂದು ಬರೆದುಕೊಟ್ಟರು. ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದು, ಚರ್ಮವನ್ನೂ ಒಳಗಿನ ಅಂಗಗಳನ್ನೂ ಗಡುಸು ಮಾಡುವ ರೋಗ. ಯಾರಿಗೂ ಅಂಟುವುದಿಲ್ಲ. ಪೂರ್ತಿ ಹೋಗುವುದೂ ಇಲ್ಲ.

ಬೆರಳು ಸಡಿಲಗೊಳಿಸಲು ಅವಳನ್ನು ನನ್ನ ಬಳಿ ಕಳಿಸಿದ್ದರು. ಜೊತೆಗೆ ಅತ್ತೆ ಬಸಮ್ಮ. ಬಸಮ್ಮ ಎತ್ತರದ ಹೆಂಗಸು, ಗಟ್ಟಿ ದನಿ. ಸೊಸೆಗೆ ಕುಷ್ಠ ಎಂದವರ ಮನೆಯ ಮುಂದೆ ನಿಂತು ಬೈದು ಬಂದಿದ್ದಳಂತೆ. "ಮನಿ ತುಂಬಿಸಿಕೊಂಡೀನಿ ಅಂದಮ್ಯಾಲ ಅಕಿ ನನ್ನಾಕಿ. ಇವರ್ಯಾರ್ರೀ ಕೇಳಾಕ?" ಎಂದು ಮೊದಲ ದಿನವೇ ನನಗೆ ಹೇಳಿದಳು.

ಕರಗಿಸಿದ ಬೆಚ್ಚಗಿನ ಮೇಣದಲ್ಲಿ ಹುಲಿಗೆಮ್ಮನ ಕೈ ಅದ್ದಿ ತೆಗೆಯುತ್ತಿದ್ದೆ. ನಾಲ್ಕನೆಯ ಸಲವೋ ಐದನೆಯ ಸಲವೋ, ಬಸಮ್ಮ ನೀರು ತರಲು ಹೋದಾಗ, ಅವಳು ತಲೆ ತಗ್ಗಿಸಿ ಹೇಳಿದಳು.

"ಅಕ್ಕಾರ, ಒಂದು ಮಾತೈತ್ರಿ. ನಗಬಾರದು."

"ನಗೂದಿಲ್ಲ. ಹೇಳು."

"ಬಯಲಕಡಿ ಹೋಗಿ ಹನ್ನೊಂದು ದಿನ ಆತ್ರಿ."

ಎರಡು ರೊಟ್ಟಿ ತಿನ್ನುತ್ತಿದ್ದವಳು ಒಂದಕ್ಕೆ ಇಳಿದಿದ್ದಳು, ಆಮೇಲೆ ಅರ್ಧಕ್ಕೆ, ಈಗ ಬರೀ ಗಂಜಿ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ ಎಂಬ ಹೆದರಿಕೆಗೆ ಉಣ್ಣುವುದನ್ನೇ ಬಿಟ್ಟಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿರುಸಾಗಿ ಉಬ್ಬಿತ್ತು. ಗಂಡನಿಗೂ ಹೇಳಿರಲಿಲ್ಲ.

ನಾನು ಅವಳನ್ನು ನಮ್ಮ ದೊಡ್ಡ ಡಾಕ್ಟರ್ ಬಳಿ ಕರೆದುಕೊಂಡು ಹೋದೆ. ಆಸ್ಪತ್ರೆಯ ಆಡಳಿತವೂ ಅವರ ಕೈಯಲ್ಲೇ. ಕೋಣೆಯಲ್ಲಿ ಹತ್ತು ಜನ ನಿಂತಿದ್ದರು. ಅವರು ನಕ್ಕರು. "ಏನವಾ, ಹನ್ನೊಂದು ದಿನದ ಸ್ಟಾಕ್ ಇಟ್ಟೀಯೇನು?" ಎಂದರು. ಕಂಪೌಂಡರ್ ನಕ್ಕ, ಚೀಟಿ ಹಿಡಿದು ನಿಂತವರೂ ನಕ್ಕರು. ಹುಲಿಗೆಮ್ಮನ ಮುಖದ ಚರ್ಮ ಬಿಗಿದಿತ್ತು, ಅಳಲು ಕೂಡ ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. ಕಣ್ಣಿಂದ ನೀರು ಸುಮ್ಮನೆ ಇಳಿಯಿತು. ಅವಳ ಹೊಟ್ಟೆ ಮುಟ್ಟಿ ನೋಡದೆಯೇ ಅವರು ಇಸಬಗೋಲಿನ ಹೊಟ್ಟು ಬರೆದುಕೊಟ್ಟು, ಬಾಳೆಹಣ್ಣು ತಿನ್ನು, ನೀರು ಕುಡಿ, ನಾಲ್ಕು ಹೆಜ್ಜೆ ಓಡಾಡು ಎಂದರು.

ಆ ದಿನ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಇದನ್ನೂ ಬರೆಯಬೇಕು.

ಹೊಟ್ಟಿನಿಂದ ಗುಣವಾಗಲಿಲ್ಲ. ಮತ್ತೆ ಹೋದಾಗ ಅದೇ ಬರೆದರು. ಒಂದು ಚಮಚ ಸಾಲದಿದ್ದರೆ ಎರಡು ಹಾಕಿಕೋ ಎಂದು ತಿಳಿಸಿ ಹೇಳಿದವಳು ನಾನೇ. ಹದಿನೈದು ದಿನದೊಳಗೆ ಹೊಟ್ಟೆ ತಮಟೆಯಂತಾಗಿ, ಕುಡಿದ ನೀರೆಲ್ಲ ವಾಂತಿಯಾಗಿ, ಅವಳನ್ನು ರಾಯಚೂರಿಗೆ ಒಯ್ಯಬೇಕಾಯಿತು. ರಜೆ ಹಾಕಿ ನಾನೂ ಹೋದೆ. ಹಿಂದೆ ರೋಗ ಕಂಡುಹಿಡಿದಿದ್ದ ಆ ಡಾಕ್ಟರಮ್ಮನೇ ನೋಡಿದರು. ಸಂಕಟ ಇಳಿದ ಮೇಲೆ ನನ್ನನ್ನು ಹೊರಗೆ ಕರೆದು ಕೇಳಿದರು.

"ಹೊಟ್ಟು ಕೊಟ್ಟವರು ಯಾರು?"

ಹೇಳಿದೆ.

"ಕರುಳಿನ ಸ್ನಾಯುವೇ ಬಿಗಿದು ಸೋತೈತಿ. ಮುಂದಕ್ಕ ತಳ್ಳೋ ಶಕ್ತಿನೇ ಇಲ್ಲ. ಅಂಥಲ್ಲಿ ಮ್ಯಾಲಿಂದ ಹೊಟ್ಟು ತುಂಬಿದ್ರ ಅದು ಎಲ್ಲಿಗೆ ಹೋಗಬೇಕು? ಈ ರೋಗ ಕೈಗಷ್ಟೇ ಬಂದೈತಿ ಅಂತ ತಿಳಕೊಂಡಿದ್ರೇನು?"

ಹೌದು, ಹಾಗೆಯೇ ತಿಳಿದಿದ್ದೆ. ಮೇಣದಲ್ಲಿ ಕೈ ಅದ್ದಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನೀವು ಹಾಗೆ ತಿಳಿಯಬೇಡಿ.

ಡಾಕ್ಟರಮ್ಮ ಔಷಧಿ ಬದಲಿಸಿದರು, ಊಟ ಬದಲಿಸಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಕಾಲಿನ ಹಿಮ್ಮಡಿಯ ಒಳಮಗ್ಗುಲಲ್ಲಿ ಹಾದುಹೋಗುವ ನರಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಕೆಲವರಿಗೆ ಮಲವಿಸರ್ಜನೆ ಸುಲಭವಾಗುತ್ತದೆ ಎಂದು ಅಲ್ಲಲ್ಲಿ ಪ್ರಯತ್ನ ನಡೆದಿದೆ. ಈ ರೋಗದವರಲ್ಲಿ ಎಷ್ಟು ಕೆಲಸ ಮಾಡುತ್ತದೆಂದು ಖಚಿತವಾಗಿ ಹೇಳುವಷ್ಟು ತಿಳಿದಿಲ್ಲ. ಔಷಧಿ ನಿಲ್ಲಿಸದೆ, ಎಚ್ಚರದಿಂದ ಮಾಡಿ ನೋಡಬಹುದು. ಇದನ್ನೇ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರು.

ಆ ಚೀಟಿ ಹಿಡಿದು ದೊಡ್ಡ ಡಾಕ್ಟರ್ ಮುಂದೆ ನಿಂತೆ. ಅವರು ಓದಿ ಮೇಜಿನ ಮೇಲೆ ಒಗೆದರು.

"ಕಾಲಿಗೆ ಕರೆಂಟ್ ಇಟ್ರ ಹೊಟ್ಟಿ ಸಡಿಲ ಆಗತೈತೇನ್ರಿ? ಫ್ಯಾನಿನ ಸ್ವಿಚ್ ಒತ್ತಿ ಲೈಟ್ ಹತ್ತಲಿ ಅಂತ ಕೂಡ್ತೀರೇನು?"

"ಸರ್, ಆ ಕಾಲಿನ ನರ, ಗುದದ್ವಾರ ನಡೆಸೋ ನರ, ಎರಡೂ ಬೆನ್ನುಹುರಿಯ ಕೆಳಗ ಒಂದೇ ಕಡೆ ಕೂಡತಾವು. ಅದಕ್ಕ..."

"ನನಗ ಪಾಠ ಹೇಳಬ್ಯಾಡ್ರಿ. ಬರೆದು ಕೊಡ್ರಿ, ನೋಡೋಣ."

ಬರೆದು ಕೊಟ್ಟೆ. ಆ ಅರ್ಜಿ ಅವರ ಮೇಜಿನ ಗಾಜಿನ ಕೆಳಗೆ ಹೋಗಿ ಕುಳಿತಿತು. ಪ್ರತಿ ಸೋಮವಾರ ಹೋಗಿ ನೋಡುತ್ತಿದ್ದೆ, ಅಲ್ಲೇ ಇರುತ್ತಿತ್ತು. ಐದನೆಯ ಸೋಮವಾರ ನಾನು ಕೇಳುವುದನ್ನು ಬಿಟ್ಟು, ರಾಯಚೂರಿನ ಚೀಟಿಯನ್ನೇ ಆಧಾರ ಮಾಡಿಕೊಂಡು ಕೆಲಸ ಶುರು ಮಾಡಿದೆ.

ಶುರು ಮಾಡಿ, ಮೊದಲ ವಾರದಲ್ಲೇ ತಪ್ಪು ಮಾಡಿದೆ.

ಈ ರೋಗದವರ ಚರ್ಮ ಒಣಗಿ ದಪ್ಪಗಾಗಿರುತ್ತದೆ. ಕರೆಂಟ್ ಸಲೀಸಾಗಿ ಒಳಗೆ ಇಳಿಯುವುದಿಲ್ಲ. ಸರಿಯಾದ ನರ ಸಿಕ್ಕಿದರೆ ಕಾಲಿನ ಹೆಬ್ಬೆರಳು ಸಣ್ಣಗೆ ಅದುರಬೇಕು. ಅದುರಲಿಲ್ಲ. ಜಾಗ ಬದಲಿಸಿ ನೋಡುವ ಬದಲು ನಾನು ಕರೆಂಟನ್ನೇ ಏರಿಸಿದೆ. ಪ್ಯಾಡುಗಳೂ ಹಳೆಯವು, ಅಂಚು ಎದ್ದಿದ್ದವು. ಹೇಗಿದೆ ಎಂದು ಕೇಳಿದರೆ ಹುಲಿಗೆಮ್ಮ "ಆರಾಮ ಐತ್ರಿ" ಎಂದಳು. ಇಪ್ಪತ್ತು ನಿಮಿಷದ ನಂತರ ಪ್ಯಾಡ್ ತೆಗೆದರೆ ಕೆಳಗೆ ಚರ್ಮ ಸುಟ್ಟು ಕೆಂಪಾಗಿತ್ತು.

"ಸುಡಾಕತ್ತಿದ್ರ ಹೇಳಬಾರದೇನು ಹುಲಿಗೆಮ್ಮ!" ಎಂದು ನಾನು ಅವಳ ಮೇಲೆಯೇ ರೇಗಿದೆ.

"ನೀವು ಇಟ್ಟೀರಿ ಅಂದಮ್ಯಾಲ ಹಂಗ ಇರಬೇಕು ಅಂದ್ಕೊಂಡ್ನಿರಿ" ಎಂದಳು.

ಬಸಮ್ಮ ನನ್ನನ್ನು ಬಯ್ಯುತ್ತಾಳೆ ಎಂದು ಕಾದೆ. ಅವಳು ಸೊಸೆಯ ಕಾಲು ತೊಡೆಯ ಮೇಲೆ ಇಟ್ಟುಕೊಂಡು ಊದುತ್ತಾ ಕುಳಿತಳು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಈ ರೋಗದಲ್ಲಿ ಗಾಯ ಬೇಗ ಮಾಯುವುದಿಲ್ಲ. ಆ ಸಣ್ಣ ಗಾಯ ಆರಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಡ್ರೆಸ್ಸಿಂಗ್ ನಾನೇ ಮಾಡಿದೆ. ಬಡವರು "ಆರಾಮ ಐತ್ರಿ" ಎಂದರೆ ನಂಬಬೇಡಿ. ನಿಮ್ಮ ಕಣ್ಣಿಂದ ಚರ್ಮ ನೋಡಿ, ಐದು ನಿಮಿಷಕ್ಕೊಮ್ಮೆ ಪ್ಯಾಡ್ ಎತ್ತಿ ನೋಡಿ.

ಗಾಯ ಆರಿದ ಮೇಲೆ, ಅವರೇ ಬಂದು ಕೇಳಿದ ಮೇಲೆ, ಇನ್ನೊಂದು ಕಾಲಿಗೆ ಶುರು ಮಾಡಿದೆವು. ಕಾಲನ್ನು ಮೊದಲು ಬೆಚ್ಚಗಿನ ನೀರಲ್ಲಿ ನೆನೆಸಿ, ಎಣ್ಣೆಯ ಅಂಶ ತೊಳೆದು, ಹೊಸ ಪ್ಯಾಡ್ ಹಚ್ಚಿ, ಹೆಬ್ಬೆರಳು ಅದುರುವ ಜಾಗವನ್ನು ಹುಡುಕಿ ಹುಡುಕಿ ಹಿಡಿದೆ. ಸಿಕ್ಕಾಗ ಕರೆಂಟ್ ಎಷ್ಟು ಕಡಿಮೆ ಸಾಕಾಯಿತೆಂದರೆ ನನಗೆ ನಾಚಿಕೆಯಾಯಿತು. ವಾರಕ್ಕೆ ಎರಡು ಸಲ ತುರ್ವಿಹಾಳದ ಬಸ್ಸು ಹಿಡಿದು ಬರುತ್ತಿದ್ದರು. ಬಸ್ಸಿನ ಕುಲುಕಾಟಕ್ಕೇ ಅವಳು ಅರ್ಧ ಸೋತಿರುತ್ತಿದ್ದಳು. ಆದ್ದರಿಂದ ಒಂದು ಸಣ್ಣ ಮಷಿನ್ನು ಮನೆಗೇ ಕೊಟ್ಟು, ಬಸಮ್ಮನಿಗೆ ಕಲಿಸಿದೆ. ಬಸಮ್ಮನಿಗೆ ಅಕ್ಷರ ಬಾರದು. ತಿರುಗಿಸುವ ಗುಂಡಿಯ ಪಕ್ಕ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕಿ ಇಟ್ಟೆ.

"ಈ ಬೊಟ್ಟು ದಾಟಬಾರದು, ಹೌದಿಲ್ರೀ?" ಎಂದಳು ಬಸಮ್ಮ.

"ಹೌದವ್ವಾ."

"ದಾಟಂಗಿಲ್ಲ ಬಿಡ್ರಿ. ನೀವು ದಾಟಿದ್ದು ನೋಡೀನಲ್ಲ."

ಬಯ್ಗುಳ ಕೊನೆಗೂ ಬಂತು. ಮನಸ್ಸು ಹಗುರಾಯಿತು.

ಆರು ವಾರ ಏನೂ ಇಲ್ಲ. ಏಳನೆಯ ವಾರದಿಂದ ಮೂರು ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ದಿನಕ್ಕೊಮ್ಮೆ ಆಗತೊಡಗಿತು. ಹೊಟ್ಟೆಯ ಬಿಗಿ ಇಳಿಯಿತು. ಒಂದು ದಿನ ಹುಲಿಗೆಮ್ಮ ಬಂದವಳೇ "ನಿನ್ನಿ ಒಂದೂವರಿ ರೊಟ್ಟಿ ತಿಂದೆರೀ ಅಕ್ಕಾರ" ಎಂದಳು. ಹೊಸ ಔಷಧಿಯಿಂದಲೋ, ಊಟದಿಂದಲೋ, ಕರೆಂಟಿನಿಂದಲೋ, ಮೂರೂ ಸೇರಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಅವಳ ಚೀಟಿಯಲ್ಲಿ ಬರೆದಿದ್ದೇನೆ.

ಆದರೆ ದೊಡ್ಡ ಡಾಕ್ಟರಿಗೆ ಗೊತ್ತಾಯಿತು. ಅದೂ ಖಚಿತವಾಗಿ.

ಮೇಲಿನಿಂದ ತಪಾಸಣೆಯ ತಂಡ ಬರುವುದಿತ್ತು. ಆಸ್ಪತ್ರೆಯ ಸಾಧನೆ ಏನಾದರೂ ತೋರಿಸಬೇಕಲ್ಲ. ನನಗೆ ಹೇಳದೆ ತುರ್ವಿಹಾಳಕ್ಕೆ ಗಾಡಿ ಕಳಿಸಿ ಹುಲಿಗೆಮ್ಮನನ್ನೂ ಬಸಮ್ಮನನ್ನೂ ಕರೆಸಿದರು. ನಾನು ಹೋಗಿ ನೋಡಿದರೆ, ಮೀಟಿಂಗ್ ಹಾಲಿನಲ್ಲಿ ಸಾಲಾಗಿ ಗಂಡಸರು, ಒಬ್ಬ ಪತ್ರಿಕೆಯವ, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುಲಿಗೆಮ್ಮ. ಮಡಚಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ದೊಡ್ಡ ಡಾಕ್ಟರ್ "ಇದು ನಮ್ಮ ಆಸ್ಪತ್ರೆಯಲ್ಲಿ ನಾವು ಕೈಗೊಂಡ ಹೊಸ ಚಿಕಿತ್ಸೆ" ಎಂದು ವಿವರಿಸುತ್ತಿದ್ದರು. ನನ್ನ ಅರ್ಜಿ ಅವರ ಮೇಜಿನ ಗಾಜಿನ ಕೆಳಗೆ ಆಗಲೂ ಇತ್ತು.

ಬಂದವರಲ್ಲಿ ಒಬ್ಬರು ಕೇಳಿದರು: "ಮೊದಲು ಎಷ್ಟು ದಿನಕ್ಕೊಮ್ಮೆ ಹೋಗ್ತಿದ್ದಿ? ಈಗ ಎಷ್ಟು ದಿನಕ್ಕೊಮ್ಮೆ?"

ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ನಾಚಿಕೆ ಪಡಬ್ಯಾಡ, ಹೇಳವಾ. ಹನ್ನೊಂದು ದಿನದ ಸ್ಟಾಕ್ ಇತ್ತಲ್ಲ" ಎಂದರು ದೊಡ್ಡ ಡಾಕ್ಟರ್. ಕುಳಿತವರೆಲ್ಲ ನಕ್ಕರು. ಪತ್ರಿಕೆಯವ ಫೋಟೋ ತೆಗೆದ.

ಸಿಟ್ಟು ನೆತ್ತಿಗೇರಿದರೆ ನನ್ನ ಬಾಯಿಗೆ ಮನೆಯ ದಖನಿಯೇ ಬರುತ್ತದೆ. "ಶರಮ್ ನೈ ಆತೀ ಕ್ಯಾ ತುಮ್ನಾ?" ಎಂದು ಕೂಗಿದೆ. ಯಾರಿಗೂ ಅರ್ಥವಾಗದೆ ಹೋಗಬಾರದೆಂದು ಕನ್ನಡದಲ್ಲೂ ಹೇಳಿದೆ: "ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಇದೇ ಮಾತಿಗೆ ನಕ್ಕು ಹೊಟ್ಟು ಬರೆದು ಈ ಹೆಣಮಗಳನ್ನ ಸಾಯೋ ಹಂಗ ಮಾಡಿದವರು ನೀವು. ಈಗ ಪ್ರದರ್ಶನಕ್ಕ ಇಟ್ಟೀರಿ?"

ಬಸಮ್ಮ ಎದ್ದು ಸೊಸೆಯ ರಟ್ಟೆ ಹಿಡಿದಳು. "ನಡಿ ಬೇ. ಇವರ ಹೊಟ್ಟಿ ಇವರಿಗೆ ಒಂದಿನ ಕಟ್ಟಲಿ, ಆವಾಗ ತಿಳಿತೈತಿ" ಎಂದು ಎಲ್ಲರ ಮುಂದೆಯೇ ಹೇಳಿ ಹೊರಗೆ ನಡೆದಳು. ವಾಪಸ್ ಬಿಡಲು ಗಾಡಿ ಇರಲಿಲ್ಲ. ಇಬ್ಬರೂ ಬಿಸಿಲಿನಲ್ಲಿ ಬಸ್ಟ್ಯಾಂಡಿಗೆ ನಡೆದೇ ಹೋದರು.

ನನಗೆ ನೋಟಿಸು ಬಂತು, ಮೇಲಧಿಕಾರಿಗೆ ಅಗೌರವ ತೋರಿದ್ದಕ್ಕೆ. ಅನುಮತಿಯಿಲ್ಲದೆ ಚಿಕಿತ್ಸೆ ಮಾಡಿದ್ದಕ್ಕೆ ಇನ್ನೊಂದು. ಯಾವ ಚಿಕಿತ್ಸೆಯನ್ನು ಸಾಧನೆ ಎಂದು ತೋರಿಸಿದರೋ ಅದೇ ಚಿಕಿತ್ಸೆಗೆ ನೋಟಿಸು! ಎರಡಕ್ಕೂ ಅವರದೇ ಸಹಿ. ತಿಂಗಳೊಳಗೆ ಬೇರೆ ಊರಿಗೆ ವರ್ಗ. ಅದಕ್ಕೆ ನನಗೆ ದುಃಖವಾಗಲಿಲ್ಲ. ಹುಲಿಗೆಮ್ಮ ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸಿದಳಲ್ಲ, ಅದು ಸುಟ್ಟಿತು. ಅವಳ ಫೋಟೋ ಪತ್ರಿಕೆಯಲ್ಲಿ ಬಂದು ಊರೆಲ್ಲ ನೋಡಿತ್ತು. ಕುಷ್ಠ ಎಂದು ದೂರ ಇಟ್ಟಿದ್ದವರು ಈಗ ಕರೆದು ಕರೆದು ಮಾತಾಡಿಸಿ "ಇವತ್ತು ಆತೇನು?" ಎಂದು ಕೇಳುತ್ತಿದ್ದರಂತೆ.

ಒಂದು ಭಾನುವಾರ ತುರ್ವಿಹಾಳಕ್ಕೆ ಹೋದೆ. ಬಸಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ಒಳಗಿನಿಂದ ಹುಲಿಗೆಮ್ಮ "ಬರ್ಲಿ ಬಿಡ್ರಿ ಅತ್ತಿ, ಅಕ್ಕಾರೇನು ಮಾಡ್ಯಾರ?" ಎಂದಳು. ಒಳಗೆ ಕುಳಿತು ತಪ್ಪಾಯಿತು ಎಂದೆ. "ನೀವು ನಗಲಿಲ್ಲಲ್ರಿ" ಎಂದಳು. ಮನೆಯಲ್ಲಿ ಕರೆಂಟ್ ಇಡುವುದು ನಿಂತಿರಲಿಲ್ಲ. ಬಸಮ್ಮ ದಿನ ತಪ್ಪಿಸಿರಲಿಲ್ಲ. ರಾಯಚೂರಿಗೆ ತಾನೇ ಕರೆದುಕೊಂಡು ಹೋಗುತ್ತೇನೆ, ಆ ಆಸ್ಪತ್ರೆಯ ಮೆಟ್ಟಿಲು ಮಾತ್ರ ಹತ್ತುವುದಿಲ್ಲ ಎಂದಳು. ಹುಲಿಗೆಮ್ಮ ಈಗಲೂ ಇದ್ದಾಳೆ. ಉಸಿರು ಸ್ವಲ್ಪ ಕಟ್ಟುತ್ತದೆ, ಬೆರಳುಗಳು ಇನ್ನಷ್ಟು ಮಡಚಿವೆ. ಹೊಟ್ಟೆ ಎರಡು ಮೂರು ದಿನಕ್ಕೊಮ್ಮೆ ನಡೆಯುತ್ತದೆ. ಅವಳಿಗೆ ಅದು ದೊಡ್ಡದು.

ಆ ಪತ್ರಿಕೆಯ ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಹೊಸ ಆಸ್ಪತ್ರೆಗೆ ನಾನು ಸೇರಿ ಕೆಲವು ತಿಂಗಳಿಗೆ ಪಾಮನಕಲ್ಲೂರಿನಿಂದ ಶರಣಪ್ಪ ಎಂಬವರು ಬಂದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ, ಊರಲ್ಲಿ ಕಿರಾಣಿ ಅಂಗಡಿ. ಅದೇ ರೋಗ, ಅದೇ ಹೊಟ್ಟೆಯ ಸಂಕಟ. ಜೇಬಿನಿಂದ ಮಡಚಿದ ಪತ್ರಿಕೆಯ ತುಂಡು ತೆಗೆದು ಬಿಡಿಸಿದರು. ಕಾಲಿಗೆ ಕರೆಂಟ್ ಕೊಟ್ಟರೆ ಮಲಬದ್ಧತೆ ಮಾಯ ಎಂದು ದೊಡ್ಡಕ್ಷರದಲ್ಲಿತ್ತು. ನನ್ನನ್ನು ಹುಡುಕಿಕೊಂಡು ಎರಡು ಆಸ್ಪತ್ರೆ ಅಲೆದು ಬಂದಿದ್ದರು.

ಮಾಯ ಆಗುವುದಿಲ್ಲ, ಒಬ್ಬರಿಗೆ ಅನುಕೂಲವಾಗಿದೆ ಅಷ್ಟೇ ಎಂದು ಮೊದಲೇ ಹೇಳಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ರಾಯಚೂರಿನ ಡಾಕ್ಟರಮ್ಮನ ಒಪ್ಪಿಗೆ ತೆಗೆದುಕೊಂಡು ಶುರು ಮಾಡಿದೆ. ಹತ್ತು ವಾರ. ಕಾಲು ನೆನೆಸಿದೆ, ಜಾಗ ಹುಡುಕಿದೆ, ಹೆಬ್ಬೆರಳು ಚೆನ್ನಾಗಿ ಅದುರಿತು. ಚರ್ಮಕ್ಕೆ ಒಂದು ಗೀರೂ ಆಗಲಿಲ್ಲ. ಹೊಟ್ಟೆ ಮಾತ್ರ ಕದಲಲಿಲ್ಲ. ಹತ್ತನೆಯ ವಾರದ ಕೊನೆಗೆ ಮಷಿನ್ನು ಬಂದ್ ಮಾಡಿ ಹೇಳಿದೆ.

"ಶರಣಪ್ಪನವರ, ಇದರಿಂದ ನಿಮಗ ಆಗಲಿಲ್ಲ. ಇನ್ನ ಸುಮ್ಮನ ಬರೂದು ಬ್ಯಾಡ."

"ಆ ಹೆಣಮಗಳಿಗೆ ಆತಲ್ರಿ. ನನಗ್ಯಾಕ ಆಗಲಿಲ್ಲ?"

"ಗೊತ್ತಿಲ್ರಿ."

ಅವರು ಪತ್ರಿಕೆಯ ತುಂಡು ತೆಗೆದು ಮತ್ತೊಮ್ಮೆ ನೋಡಿ, ನನ್ನ ಮೇಜಿನ ಮೇಲೆ ಇಟ್ಟರು. "ಆಗಲಿಲ್ಲ ಅಂತ ಹೇಳಿದವರು ನೀವೊಬ್ರೇರಿ. ಉಳಿದವರೆಲ್ಲ ಇನ್ನೊಂದು ಸಲ ಬಾ ಅಂದ್ರು" ಎಂದರು.

ನಕ್ಕವರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ಆ ದೊಡ್ಡಕ್ಷರ ಬರೆಸಿದವರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಹತ್ತು ವಾರ ಆ ಮನುಷ್ಯ ಅಂಗಡಿ ಮುಚ್ಚಿ ಬಂದದ್ದು ಆ ಒಂದು ಸಾಲಿನ ಬೆನ್ನು ಹತ್ತಿ.

ಅವರನ್ನು ಹಾಗೆಯೇ ಮನೆಗೆ ಕಳಿಸಲು ಮನಸ್ಸಾಗಲಿಲ್ಲ. ನಾನು ವರ್ಗವಾಗಿ ಬಂದಿದ್ದ ಈ ಆಸ್ಪತ್ರೆಗೆ ಹೊಸದಾಗಿ ಒಬ್ಬ ಹುಡುಗಿ ಡಾಕ್ಟರ್ ಬಂದಿದ್ದಳು. ಶರಣಪ್ಪನವರನ್ನು ಎಬ್ಬಿಸಿಕೊಂಡು ಅವಳ ಕೋಣೆಗೆ ಹೋದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಒಂದು ಹುಬ್ಬು ಏರಿದ್ದರೂ ಸಾಕಿತ್ತು, ಕೂಗುತ್ತಿದ್ದೆ. ನಾನು ವಿಷಯ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು, ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡಳು.

"ಎಷ್ಟು ದಿನ ಆತ್ರಿ ಯಜಮಾನ್ರ? ಉಣ್ಣಾಕ ಹೆದರಿಕಿ ಆಗತೈತೇನು?"

ನಗು ಇರಲಿಲ್ಲ. ಜ್ವರ ಎಷ್ಟು ದಿನದಿಂದ ಎಂದು ಕೇಳುವ ಹಾಗೆಯೇ ಕೇಳಿದಳು. ಇಷ್ಟು ಸರಳವಾದ ಪ್ರಶ್ನೆಯನ್ನು ನೆಟ್ಟಗೆ ಕೇಳುವ ಒಬ್ಬ ಡಾಕ್ಟರನ್ನು ಈ ಮೂರು ಊರುಗಳಲ್ಲಿ ಕಾಣಲು ನನ್ನ ನೌಕರಿಯೇ ಮುಗಿಯುತ್ತ ಬಂದಿತ್ತು.

ಶರಣಪ್ಪ ಹೊರಗೆ ಸಾಲಿನಲ್ಲಿ ನಿಂತಿದ್ದ ಜನರ ಕಡೆ ನೋಡಿದರು. ನಾನು ಎದ್ದು ಹೋಗಿ ಬಾಗಿಲು ಮುಚ್ಚಿದೆ. ಆಗ ಅವರು ಹೇಳಲು ಶುರು ಮಾಡಿದರು.